ಮರಿಗೆ ಕುಡಿಸಿದ ಹಾಲು

ಭೀಮಬಾಯಿಯ ಹಟ್ಟಿಗೆ ಗಿಣ್ಣ ಕೇಳಿಕೊಂಡು ಭಾಲ್ಕಿ ಕಡೆಯ ಮೆಹಕರದಲ್ಲಿ ಯಾರೂ ಹೋಗುತ್ತಿರಲಿಲ್ಲ. ಹೋದವರು ಬೈಸಿಕೊಂಡು ಬರುತ್ತಿದ್ದರು. ಗಿಣ್ಣವೆಂದರೆ ಕುರಿ ಈದ ಕೂಡಲೇ ಕೆಚ್ಚಲಿನಿಂದ ಬರುವ ಹಳದಿ ಬಣ್ಣದ ಗಟ್ಟಿ ಹಾಲು. ಅದಕ್ಕೆ ಬೆಲ್ಲ ಹಾಕಿ ಕಾಯಿಸಿ, ಹೋಳು ಮಾಡಿ ತಿನ್ನುವ ಆಸೆ ಯಾರಿಗಿರುವುದಿಲ್ಲ? ಒಮ್ಮೆ ಪಾಟೀಲನ ಮನೆಯ ಆಳು ತಂಬಿಗೆ ಹಿಡಿದುಕೊಂಡು ಬಂದಿದ್ದ. ಭೀಮಬಾಯಿ ಆ ತಂಬಿಗೆಯನ್ನು ಕಸಿದು ಹಳ್ಳಕ್ಕೆ ಎಸೆದಿದ್ದಳು.

"ಮರಿ ಹೊಟ್ಟಿ ತುಂಬಿ ಉಳಿದ್ರ ಕೊಡ್ತೇನಿ. ಉಳಿಯೂದಿಲ್ಲ. ಗಿಣ್ಣ ಕುಡೀಲಾರದ ಮರಿ ಬದುಕೂದಿಲ್ಲ ಅಂತ ನಿಮ್ಮ ಪಾಟೀಲಗ ಹೋಗಿ ಹೇಳು."

ಪಾಟೀಲನಿಗೆ ಹೀಗೆ ಹೇಳಿ ಕಳಿಸುವ ಎದೆಗಾರಿಕೆ ಊರಿನ ಗಂಡಸರಿಗೂ ಇರಲಿಲ್ಲ. ಭೀಮಬಾಯಿಗೆ ಇತ್ತು, ಏಕೆಂದರೆ ಪಾಟೀಲನ ಹೆಂಡತಿಯ ಹೆರಿಗೆ ಮಾಡಿಸಿದವಳೂ ಅವಳೇ. ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ. ಕುರುಬರ ಓಣಿಯಿರಲಿ, ಮುಸಲ್ಮಾನರ ಓಣಿಯಿರಲಿ, ನೋವು ಬಂತೆಂದು ಕರೆದರೆ ಎದ್ದು ಹೋಗುವಳು. ಮೊದಲು ಅವಳ ಬಾಯಿ ಒಳಗೆ ಬರುತ್ತಿತ್ತು, ಆಮೇಲೆ ಅವಳು. ಬೈದು, ಗದರಿಸಿ, ಬೆನ್ನು ನೀವಿ, ಅಂತೂ ಕೂಸನ್ನು ಹೊರಗೆ ತೆಗೆಯುವಳು. ಅವಳ ಕೈಯಲ್ಲಿ ತಾಯಿ ಸತ್ತದ್ದು ತೀರ ಅಪರೂಪ, ಮತ್ತು ಅದರ ಜಂಬ ಅವಳಿಗೆ ಸಾಕಷ್ಟಿತ್ತು.

ಹೊರಗೆ ಬಂದ ಕೂಸುಗಳಲ್ಲಿ ಎಷ್ಟು ಉಳಿದವು ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಬಹಳ ಹೋಗುತ್ತಿದ್ದವು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಗುತ್ತಿದ್ದವು. ಹಳ್ಳದ ದಂಡೆಯ ಹುಣಸೆ ಮರದ ಬುಡದಲ್ಲಿ ಹೂತು ಬಂದು, ಅದರ ಋಣ ಅಷ್ಟೇ ಇತ್ತು ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಭೀಮಬಾಯಿ ಹೆತ್ತವುಗಳಲ್ಲೂ ಮಗ ಮಡೆಪ್ಪನೊಬ್ಬ ಬಿಟ್ಟರೆ ಉಳಿದವೆಲ್ಲ ಆ ಮರದ ಬುಡಕ್ಕೇ ಹೋಗಿದ್ದವು. ಮರಿ ಸತ್ತರೆ ಕುರಿಗಾರ ತನ್ನನ್ನು ಬೈದುಕೊಳ್ಳುತ್ತಾನೆ, ಕೂಸು ಸತ್ತರೆ ಹಣೆಬರಹವನ್ನು ಬೈಯುತ್ತಾನೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮಡೆಪ್ಪನಿಗೆ ಔರಾದ ಕಡೆಯ ಹೀರಾಬಾಯಿಯನ್ನು ತಂದುಕೊಂಡಿದ್ದರು. ಅವಳ ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಕೂಸು ವಾರ ತುಂಬುವುದರೊಳಗೆ ಹೋಯಿತು. ಔರಾದದ ಸೂಲಗಿತ್ತಿಗೆ ಕೈಗುಣವಿಲ್ಲ ಎಂದು ಭೀಮಬಾಯಿ ಊರೆಲ್ಲ ಆಡಿಕೊಂಡಳು. ಎರಡನೆಯದನ್ನು ತಾನೇ ಹಿಡಿದಳು. ಅದೂ ಹಾಗೆಯೇ ಸೊರಗಿತು, ಕಣ್ಣು ಒಳಗೆ ಹೋದವು, ಅಳುವುದನ್ನು ಬಿಟ್ಟು ಸುಮ್ಮನಾಯಿತು. ಭೀಮಬಾಯಿ ಆಮೇಲೆ ಔರಾದದ ಮಾತು ಎತ್ತಲಿಲ್ಲ.

ಈಗ ಮೂರನೆಯದು ಹೊಟ್ಟೆಯಲ್ಲಿತ್ತು. ಹೀರಾಬಾಯಿ ಮಾತು ಕಡಿಮೆ ಮಾಡಿದ್ದಳು. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳುವಳು:

"ಅತ್ತಿ, ಇದಾದ್ರೂ ಉಳೀತದೇನ್ರಿ?"

"ಉಳೀಲಾರದ ಏನಾಗ್ತದ? ರೊಟ್ಟಿ ಹೊತ್ತಲತ್ತದ, ಅದನ್ನ ನೋಡು" ಎಂದು ಭೀಮಬಾಯಿ ಗದರುವಳು. ಗದರಿ, ಹಿತ್ತಲಿಗೆ ಹೋಗಿ, ಮೈಲಾರ ಮಲ್ಲಣ್ಣನಿರುವ ದಿಕ್ಕಿಗೆ ತಿರುಗಿ ಕೈ ಮುಗಿಯುವಳು. ಈ ಸಲ ಕೂಸು ಹೋದರೆ ಸೊಸೆಯೂ ಅದರ ಹಿಂದೆಯೇ ಹೋಗುತ್ತಾಳೆ ಎಂಬ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಅದು ನಿಜಾಮನ ರಾಜ್ಯದ ಕೊನೆಯ ಮಳೆಗಾಲ. ಕೊನೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರು ಊರೂರು ತಿರುಗಿ ಕಂಡ ಕುರಿಯನ್ನು ಹೊಡೆದುಕೊಂಡು ಹೋಗುತ್ತಿದ್ದರು. ಭೀಮಬಾಯಿಯ ಗಂಡ ಧೊಂಡಿಬಾ ಮತ್ತು ಮಡೆಪ್ಪ ಹಿಂಡನ್ನು ಹೊಡೆದುಕೊಂಡು ಗಡಿ ದಾಟಿ ಸೋಲಾಪುರದ ಕಡೆ ಹೋದರು. ನಡೆಯಲಾರದವರು ಹಿಂದೆ ಉಳಿದರು. ಎಂದರೆ ದಿನ ತುಂಬಿದ ಮೂರು ಕುರಿ, ದಿನ ತುಂಬಿದ ಹೀರಾಬಾಯಿ, ಮತ್ತು ಇವರೆಲ್ಲರಿಗೂ ಸೂಲಗಿತ್ತಿಯಾಗಿ ಭೀಮಬಾಯಿ.

ಭಾದ್ರಪದದಲ್ಲಿ ಒಂದು ದಿನ ಭಾಲ್ಕಿ ಸಂತೆಗೆ ಹೋದವರು ಅರ್ಧ ದಾರಿಯಿಂದಲೇ ಓಡಿ ಬಂದರು. ಹಿಂದೂಸ್ತಾನದ ಫೌಜು ಒಳಗೆ ಬಂದಿದೆ, ಬೀದರದ ಕಡೆ ವಿಮಾನ ಹಾರುತ್ತಿವೆ, ಸೋತು ಓಡುವವರು ಸಿಕ್ಕ ಊರನ್ನು ಸುಡುತ್ತಿದ್ದಾರೆ ಎಂದರು. ಮುಸಲ್ಮಾನರ ಓಣಿ ಬಿಟ್ಟು ಊರಿಗೆ ಊರೇ ಹೊಲಗಳಿಗೆ ಖಾಲಿಯಾಯಿತು. ಭೀಮಬಾಯಿ ಸೊಸೆಯನ್ನೂ ಕುರಿಗಳನ್ನೂ ತನ್ನ ಹೊಲದ ಅಂಚಿನ ಹಳ್ಳದ ತಗ್ಗಿಗೆ ಕರೆದೊಯ್ದಳು. ಮೇಲೆ ಮುಂಗಾರಿ ಜೋಳ ಆಳೆತ್ತರ ನಿಂತಿತ್ತು. ಜಾಲಿ ಮುಳ್ಳು ಕಡಿದು ಬೇಲಿ ಕಟ್ಟಿ, ಎರಡು ಕಂಬಳಿ ಮೇಲೆ ಹೊದಿಸಿದಳು.

ಮಾರನೆಯ ದಿನ ಬೆಳಿಗ್ಗೆ ಹೀರಾಬಾಯಿಗೆ ನೋವು ಶುರುವಾಯಿತು. ಮೇಲೆ ವಿಮಾನ ಗುಡುಗುಡು ಎನ್ನುತ್ತಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ತುಟಿ ಪಿಟಕ್ಕೆನ್ನಲಿಲ್ಲ.

"ಚೀರಬೇಕನಸಿದ್ರ ಚೀರು, ಯವ್ವಾ. ಮ್ಯಾಲ ವಿಮಾನದಾಗ ಕುಂತಾಂವಗ ಏನ್ ಕೇಳಸ್ತದ?" ಎಂದಳು ಭೀಮಬಾಯಿ.

ಹೆಣ್ಣು ಕೂಸು. ಹುಟ್ಟಿದ ಕೂಡಲೇ ಜೋಳದ ಹಕ್ಕಿಗಳು ಹಾರಿ ಹೋಗುವಂತೆ ಅತ್ತಿತು. ಭೀಮಬಾಯಿ ಅದರ ಕೈಕಾಲು ಎಳೆದು ನೋಡಿ, ಗಟ್ಟಿ ಇದೆ ಎಂದಳು. ಹೀರಾಬಾಯಿ ಕೂಸಿನ ಮುಖವನ್ನು ನೋಡಲಿಲ್ಲ. ನೋಡಿದರೆ ಮಾಯೆ ಹತ್ತುತ್ತದೆ, ಮೂರು ದಿನ ಕಳೆಯಲಿ, ಆಮೇಲೆ ನೋಡುತ್ತೇನೆ ಎಂದು ಅವಳು ಮೊದಲೇ ಗಟ್ಟಿ ಮನಸ್ಸು ಮಾಡಿದ್ದಳು. ಹೆತ್ತ ತಾಯಿ ಇಂಥ ನಿರ್ಧಾರ ಮಾಡಬೇಕಾದರೆ ಅವಳು ಎಷ್ಟು ಸುಟ್ಟುಕೊಂಡಿರಬೇಕು!

ಆಮೇಲೆ ಭೀಮಬಾಯಿ ತನ್ನ ಅತ್ತೆ ಮಾಡಿದ್ದನ್ನು, ಅತ್ತೆಯ ಅತ್ತೆ ಮಾಡಿದ್ದನ್ನು ತಾನೂ ಮಾಡಿದಳು. ಸೊಸೆಯ ಎದೆಯನ್ನು ಹಿಂಡಿ, ಬಂದ ಹಾಲನ್ನು ನೆಲಕ್ಕೆ ಬಿಟ್ಟು, ಮೇಲೆ ಮಣ್ಣು ಎಳೆದಳು. ಮೊದಲ ಮೂರು ದಿನದ ಹಾಲು ಕೆಟ್ಟದ್ದು, ಒಳಗೆ ನಿಂತು ಹಳಸಿದ್ದು, ಕೂಸಿನ ಹೊಟ್ಟೆಯಲ್ಲಿ ಗಂಟು ಕಟ್ಟುತ್ತದೆ ಎನ್ನುತ್ತಿದ್ದರು. ಭಾಲ್ಕಿಯಲ್ಲೂ ಹಾಗೆಯೇ, ಔರಾದದಲ್ಲೂ ಹಾಗೆಯೇ, ಬೀದರ ಶಹರದ ಮಹಡಿ ಮನೆಗಳಲ್ಲೂ ಹಾಗೆಯೇ. ಕೂಸಿನ ಹೊಟ್ಟೆ ತೊಳೆಯಲೆಂದು ಔಡಲೆಣ್ಣೆಯಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ಚೀಪಿಸಿದಳು. ಹಳ್ಳದ ನೀರಿಗೆ ಬೆಲ್ಲ ಕದಡಿ ಅದನ್ನೂ ಬತ್ತಿಯಿಂದಲೇ ಹಾಕಿದಳು. ಹೀರಾಬಾಯಿ ನೀರು ಕೇಳಿದಾಗ ಒಂದು ಗುಟುಕು ಕೊಟ್ಟು ತಂಬಿಗೆಯನ್ನು ದೂರ ಇಟ್ಟಳು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಊದುತ್ತದೆ ಎಂಬುದೂ ಊರಿಗೆಲ್ಲ ಗೊತ್ತಿದ್ದ ಮಾತೇ.

ಮಧ್ಯಾಹ್ನದ ಹೊತ್ತಿಗೆ ಒಂದು ಕುರಿ ಈದಿತು. ಭೀಮಬಾಯಿ ಮರಿಯ ಮೂಗು ಬಾಯಿ ಒರೆಸಿದಳು. ಉಳಿದಿದ್ದ ಬೆಲ್ಲದಲ್ಲಿ ಅರ್ಧವನ್ನು ಬೆಚ್ಚಗಿನ ನೀರಿಗೆ ಕದಡಿ ಕುರಿಯ ಮುಂದೆ ಇಟ್ಟಳು. ಕುರಿ ತಲೆಯೆತ್ತದೆ ಎಲ್ಲ ಕುಡಿಯಿತು. ಮರಿಯನ್ನು ಎತ್ತಿ ಇನ್ನೇನು ಕೆಚ್ಚಲಿಗೆ ಹಚ್ಚಬೇಕು, ಅಷ್ಟರಲ್ಲಿ ಜೋಳದಲ್ಲಿ ಸಪ್ಪಳವಾಯಿತು.

ಹೀರಾಬಾಯಿ ಕೂಸನ್ನು ಅವಚಿಕೊಂಡು ಬೇಲಿಯ ಹಿಂದಿನ ಜೋಳದೊಳಗೆ ನುಸುಳಿದಳು. ಖಾಕಿ ತೊಟ್ಟ ನಾಲ್ಕಾರು ಜನ ತಗ್ಗಿಗೆ ಇಳಿದರು. ಬಂದೂಕು ಹಿಡಿದಿದ್ದರೂ ಅವರ ಮುಖದಲ್ಲಿ ಹೆದರಿಕೆಯಿತ್ತು. ಹುಮನಾಬಾದ ಕಡೆಯಿಂದ ತಪ್ಪಿಸಿಕೊಂಡು ಬಂದ, ಹೊಟ್ಟೆಗೆ ಇಲ್ಲದ ರಜಾಕಾರರು. ಮೂರೂ ಕುರಿಗಳ ಕೊರಳಿಗೆ ಹಗ್ಗ ಬಿತ್ತು.

"ಸಾಹೇಬ್ರ, ಇದು ಈಗ ಈದದ್ರಿ. ಇದೊಂದು ಬಿಡ್ರಿ. ಮರಿ ಇನ್ನಾ ಬಾಯಿ ಹಚ್ಚಿಲ್ರಿ" ಎಂದು ಭೀಮಬಾಯಿ ಹಗ್ಗಕ್ಕೆ ಜೋತು ಬಿದ್ದಳು.

"ಹಟ್ ಬುಡ್ಢಿ" ಎಂದು ಒಬ್ಬ ಅವಳನ್ನು ನೂಕಿದ. ಬಂದ ಹಾಗೆಯೇ ಅವರು ಹೋದರು. ಒದ್ದೆ ಮರಿ ಒಂದೇ ನೆಲದ ಮೇಲೆ ಉಳಿಯಿತು.

ಭೀಮಬಾಯಿ ಹೋದವರ ವಂಶದ ಮೇಲೆಲ್ಲ ಮಣ್ಣು ತೂರಿದಳು. ಬೈಗುಳ ಮುಗಿದ ಮೇಲೆ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಅದರ ಬಾಯಿ ತಣ್ಣಗಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಬೇರೆ ಕುರಿಯ ಗಿಣ್ಣ ಹಾಕೋಣವೆಂದರೆ ಸುತ್ತ ಎಲ್ಲೂ ಕುರಿಯಿಲ್ಲ. ಹೊತ್ತು ಮುಳುಗುವುದರೊಳಗೆ ಇದು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಚಿಂತೆಯಲ್ಲೇ, ಹೊತ್ತಾಯಿತೆಂದು, ಜೋಳದಿಂದ ಮರಳಿ ಬಂದಿದ್ದ ಸೊಸೆಯ ಎದೆ ಹಿಂಡಲು ಹೋದಳು. ಮೊದಲ ಹನಿ ಬಿದ್ದಾಗ ಅವಳ ಕೈ ನಿಂತಿತು.

"ಹೀರಾ, ಹ್ಯಾಂಗೂ ಇದು ಚೆಲ್ಲೂದೇ ಅದ. ಮರಿಗಿ ಹಾಕಿ ನೋಡ್ಲೇನು?"

"ಕೆಟ್ಟ ಹಾಲಲ್ರಿ ಅತ್ತಿ? ಮರಿ ಸತ್ತೀತು."

"ಹ್ಯಾಂಗೂ ಅದು ಸಾಯ್ಲತ್ತದ. ಹೋಗೂ ಜೀವಕ್ಕ ಇದೇನ್ ಮಾಡ್ತದ?"

ವಾಟಗವೆಂಬ ಸಣ್ಣ ಬಟ್ಟಲಲ್ಲಿ ಹಿಂಡಿಕೊಂಡಳು. ಸ್ವಲ್ಪವೇ ಬಂತು, ಹಳದಿಯಾಗಿ, ಗಟ್ಟಿಯಾಗಿ. ಮರಿಯ ಬಾಯಲ್ಲಿ ಬೆರಳಿಟ್ಟು, ಗಂಟಲು ನೀವುತ್ತ, ಹನಿ ಹನಿಯಾಗಿ ಇಳಿಸಿದಳು. ಆಗಾಗ ಬಂದು ಮತ್ತೆ ಮತ್ತೆ ಹಿಂಡಿದಳು. ಸಂಜೆಗೆ ಮರಿ ಮುಂಗಾಲು ಊರಿತು, ಬಿತ್ತು, ಮತ್ತೆ ಊರಿತು, ನಿಂತಿತು. ಬಾಲ ಅಲ್ಲಾಡಿಸಿತು.

"ನಿಂತ್ತು ನೋಡು ನನ್ನ ರಾಜಾ!" ಎಂದು ಭೀಮಬಾಯಿ ಚಪ್ಪಾಳೆ ತಟ್ಟಿದಳು. ಎಷ್ಟೋ ದಿನದ ಮೇಲೆ ಹೀರಾಬಾಯಿಯೂ ನಕ್ಕಳು. ಅವಳ ಮಗ್ಗುಲಲ್ಲಿ ಕೂಸು ಬೆಲ್ಲದ ನೀರಿನ ಬತ್ತಿ ಚೀಪಿ ಚೀಪಿ ಸುಸ್ತಾಗಿ ಮಲಗಿತ್ತು.

ಮಾರನೆಯ ದಿನ ಕೂಸು ಬೆಳಗಿನಿಂದ ನೀರು ನೀರಾಗಿ ಭೇದಿ ಮಾಡಿಕೊಂಡಿತು. ಔಡಲೆಣ್ಣೆ ಕೆಲಸ ಮಾಡಿದೆ, ಹೊಟ್ಟೆ ಸ್ವಚ್ಛವಾಯಿತು ಎಂದು ಭೀಮಬಾಯಿ ಮೊದಲು ಸಮಾಧಾನಪಟ್ಟಳು. ಆಮೇಲೆ ಕೂಸು ಅಳುವುದನ್ನು ನಿಲ್ಲಿಸಿತು. ತುಟಿ ಒಣಗಿತು. ನೆತ್ತಿಯ ಮೆತ್ತನೆಯ ಜಾಗ ಕುಳಿ ಬಿತ್ತು. ಚಿವುಟಿದ ಚರ್ಮ ಚಿವುಟಿದ ಹಾಗೆಯೇ ನಿಂತಿತು. ಭೀಮಬಾಯಿ ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದಳು. ಕೂಸನ್ನು ಮೆಲ್ಲಗೆ ಕಂಬಳಿಯ ಮೇಲೆ ಮಲಗಿಸಿ ಮುಖ ತಿರುಗಿಸಿಕೊಂಡಳು.

ಹೀರಾಬಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಮೊದಲ ಸಲ ಕೂಸಿನ ಮುಖ ನೋಡಿದಳು. ಹಿಂದಿನ ಎರಡು ಕೂಸುಗಳೂ ಕೊನೆಗೆ ಹೀಗೆಯೇ ಕಂಡಿದ್ದವು. ಆಗ ಮರಿ ಜಿಗಿದುಕೊಂಡು ಬಂತು. ಬೇಲಿಯ ಒಳಗೆ ಒಂದು ಸುತ್ತು ಹಾಕಿ, ಅವಳ ಮಡಿಲಿಗೆ ತಲೆ ತೂರಿಸಿ, ಎದೆಯನ್ನು ಮೂತಿಯಿಂದ ಗುದ್ದಿತು. ಹೊಟ್ಟೆ ತುಂಬಿ ದುಂಡಗಿತ್ತು, ಕಣ್ಣು ಫಳಫಳ ಎನ್ನುತ್ತಿದ್ದವು. ಹೀರಾಬಾಯಿ ಮರಿಯನ್ನು ನೋಡಿದಳು, ಕೂಸನ್ನು ನೋಡಿದಳು.

"ಅತ್ತಿ, ಈ ಮರಿ ಏನ್ ಕುಡಿದು ಉಳೀತ್ರಿ?"

ಭೀಮಬಾಯಿ ಮರಿಯನ್ನು ಸೊಸೆಯ ಮಡಿಲಿನಿಂದ ಆಚೆ ಎಳೆದಳು.

"ನನ್ನ ಹಾಲು ಕುಡಿದು ಉಳೀತು. ಮತ್ತ ನನ್ನ ಕೂಸ್ಯಾಕ ಸಾಯ್ಲತ್ತದ್ರಿ?"

ಹೀರಾಬಾಯಿ ಕೂಸನ್ನು ಬಾಚಿ ಎತ್ತಿಕೊಂಡು ಎದೆಗೆ ಹಚ್ಚಿದಳು. ಭೀಮಬಾಯಿ ಹಾರಿ ಬಿದ್ದು ಅವಳ ರಟ್ಟೆ ಹಿಡಿದಳು.

"ಹುಚ್ಚಿ! ಇನ್ನಾ ಮೂರ ದಿನ ಆಗಿಲ್ಲ. ನಿನ್ನ ಕೈಯಾರ ಕೊಲ್ತಿ ಏನು?"

"ಹ್ಯಾಂಗೂ ಅದು ಸಾಯ್ಲತ್ತದ್ರಿ. ನಿನ್ನಿ ಮರಿಗಿ ನೀವೇ ಅಂದ್ರಲ್ಲ? ಕೈ ಬಿಡ್ರಿ."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ತಲೆಯೆತ್ತಿ ಮಾತಾಡದ ಹುಡುಗಿ ಅವಳು. ಭೀಮಬಾಯಿಯ ಕೈ ತಾನಾಗಿ ಸಡಿಲಿತು. ಆದರೆ ಕೂಸು ಬಾಯಿ ತೆರೆಯಲಿಲ್ಲ. ಎಷ್ಟು ಹಚ್ಚಿದರೂ ಹಾಲು ಗಲ್ಲದ ಮೇಲೆ ಹರಿದು ಹೋಯಿತು. ಹೀರಾಬಾಯಿಗೆ ಅಳು ಒತ್ತಿ ಬಂತು.

"ಸಾಯೂ ಮರಿಗಿ ಕುಡೀಲಿಕ್ಕ ಕಲಿಸ್ತೀರಿ ನೀವು. ನನ್ನ ಕೂಸಿಗಿ ಕಲಿಸ್ರಿ. ನಿಮ್ಮ ಕಾಲ ಬೀಳ್ತೇನ್ರಿ."

ಭೀಮಬಾಯಿ ವಾಟಗ ತೆಗೆದುಕೊಂಡಳು. ವಿಷ ಹಾಕುತ್ತಿದ್ದೇನೆ ಎಂಬ ಹೆದರಿಕೆ ಒಂದು ಕಡೆ, ಮುಂದೆ ಜಿಗಿದಾಡುವ ಮರಿ ಇನ್ನೊಂದು ಕಡೆ. ಕೂಸಿನ ಬಾಯಲ್ಲಿ ಕಿರುಬೆರಳಿಟ್ಟು, ಗಂಟಲು ನೀವುತ್ತ, ಒಂದು ಹನಿ ಬಿಟ್ಟಳು. ಹನಿ ನಾಲಗೆಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಗಂಟಲು ಆಡಿತು. ಇನ್ನೊಂದು ಹನಿ ಬಿಟ್ಟಳು. ಹೀಗೆ ಹೊತ್ತು ನೆತ್ತಿಗೇರಿತು, ಇಳಿಯಿತು. ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ. ಬಿಸಿಲು ಜೋಳದ ಹಿಂದೆ ಸರಿಯುವ ಹೊತ್ತಿಗೆ ಕೂಸು ಅವಳ ಬೆರಳನ್ನು ಚೀಪಿ ಎಳೆಯಿತು. ಎದೆಗೆ ಹಚ್ಚಿದರೆ ಬಾಯಿ ಹಾಕಿ ಹಿಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಕಂಬಳಿ ಒದ್ದೆಯಾಯಿತು.

ಭೀಮಬಾಯಿ ಆ ಬೆಚ್ಚಗಿನ ಒದ್ದೆಯ ಮೇಲೆ ಅಂಗೈ ಇಟ್ಟಳು. ಉಚ್ಚೆ ಹೊಯ್ದರೆ ಜೀವ ತಿರುಗಿತು ಎಂದು ಅರ್ಥ. ಸಂತೋಷವಾಗಬೇಕಿತ್ತು. ಆದರೆ ಅವಳು ಕೈ ತೆಗೆದುಕೊಂಡಳು. ಎದ್ದು ಬೇಲಿಯ ಹತ್ತಿರ ಹೋಗಿ ಕುಳಿತಳು.

ಹುಣಸೆ ಮರದ ಬುಡ ಅವಳ ಕಣ್ಣಿಗೆ ಕಟ್ಟಿತು. ಅಲ್ಲಿ ಮಲಗಿದ ಕೂಸುಗಳಿಗೆಲ್ಲ ತಾಯಂದಿರಿದ್ದರು. ತಾಯಂದಿರ ಎದೆಯಲ್ಲಿ ಹಾಲಿತ್ತು. ಆ ಹಾಲನ್ನು ನೆಲಕ್ಕೆ ಹಿಂಡಿ ಮಣ್ಣು ಎಳೆದ ಕೈ ಇದೇ. ತನ್ನವೇ ಕೂಸುಗಳು ಬೆಲ್ಲದ ನೀರು ಚೀಪುತ್ತ ಕಣ್ಣು ಮುಚ್ಚುವಾಗ ತಾನು ಬಿಗಿದ ಎದೆಯನ್ನು ಗೋಡೆಗೆ ಹಿಂಡಿಕೊಂಡು ಅಳುತ್ತ ಕೂತಿದ್ದಳು! ಅದೇ ದಿನಗಳಲ್ಲಿ ಹಟ್ಟಿಗೆ ಹೋಗಿ, ಗಿಣ್ಣ ಕೇಳಲು ಬಂದವರನ್ನು ಬೈದು ಓಡಿಸಿಯೂ ಇದ್ದಳು. ಎರಡನ್ನೂ ಒಂದೇ ಕೈಯಲ್ಲಿ ಮಾಡಿದ್ದಳು. ಒಂದು ದಿನವೂ ಅನುಮಾನ ಬಂದಿರಲಿಲ್ಲ.

"ಅಯ್ಯ ನಮ್ಮವ್ವಾ, ನಾ ಏನ್ ಮಾಡೀನಿ" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಹೀರಾಬಾಯಿ ಕೇಳಿಸಿಕೊಂಡಳು, ಸಮಾಧಾನ ಹೇಳಲಿಲ್ಲ. ಹೇಗೆ ಹೇಳಿಯಾಳು? ಅವಳದೂ ಎರಡು ಹೋಗಿದ್ದವು.

ಬಹಳ ಹೊತ್ತಿನ ಮೇಲೆ ಭೀಮಬಾಯಿ ಎದ್ದು ಬಂದು ನೀರಿನ ತಂಬಿಗೆಯನ್ನು ಸೊಸೆಯ ಮುಂದೆ ಇಟ್ಟಳು.

"ಕುಡಿ. ಎಷ್ಟ ಬೇಕಷ್ಟ ಕುಡಿ. ಈದ ಕುರಿಗಿ ಕೊಡ್ತೇನಿ, ನಿನಗ ಕೊಡ್ಲಿಲ್ಲ."

ಮುಂದಿನ ಎರಡು ದಿನ ಕೂಸು ಕುಡಿಯುವುದು, ಮಲಗುವುದು, ಮತ್ತೆ ಅತ್ತು ಕುಡಿಯುವುದು ಇಷ್ಟೇ ಕೆಲಸ ಮಾಡಿತು. ಯಾರೋ ಬಿಟ್ಟು ಓಡಿದ ಆಡೊಂದು ಜೋಳದಲ್ಲಿ ಸಿಕ್ಕಿತು. ಮರಿಗೆ ಅದರ ಹಾಲಾಯಿತು. ಹೀರಾಬಾಯಿಗೆ ಜೋಳದ ನುಚ್ಚು, ಹೊಲದ ಬದುವಿನ ರಾಜಗಿರಿ ಸೊಪ್ಪಿನ ಪಲ್ಯ, ಆಡಿನ ಹಾಲು ಸಿಕ್ಕಿತು. ಭೀಮಬಾಯಿ ಅಡಿಗೆ ಮಾಡಿದಳು, ಬಡಿಸಿದಳು. ಆದರೆ ಬೈಯುವುದನ್ನು ಬಿಟ್ಟುಬಿಟ್ಟಳು. ಅವಳ ಬೈಗುಳವಿಲ್ಲದೆ ಹೀರಾಬಾಯಿಗೆ ಹೆದರಿಕೆಯಾಯಿತು.

ಆಮೇಲೆ ಊರ ಕಡೆಯಿಂದ ಜಯಕಾರ ಕೇಳಿಸಿತು. ನಿಜಾಮ ಶರಣಾದನೆಂದು ಹೊಲದ ಬದುವಿನ ಮೇಲೆ ಓಡುವವರು ಕೂಗಿ ಹೇಳಿದರು. ಮನೆಗೆ ಹೋಗಬಹುದೆಂದು ಭೀಮಬಾಯಿ ಕಂಬಳಿ ಬಿಚ್ಚತೊಡಗಿದಳು. ಆಗ ಅದೇ ಕಡೆಯಿಂದ ಹೊಗೆ ಎದ್ದಿತು. ಇಷ್ಟು ದಿನ ಒಂದು ಓಣಿಯವರು ಹೆದರಿ ಹೊಲ ಸೇರಿದ್ದರು. ಈಗ ಮುಸಲ್ಮಾನರ ಓಣಿಯವರ ಪಾಳಿ ಬಂತು. ರಜಾಕಾರರು ಮಾಡಿದ್ದನ್ನು ಹತ್ತಿ ಹಿಂಜುವ ಬಡವರ ಮೇಲೆ ತೀರಿಸಿಕೊಳ್ಳುವ ಗಂಡಸುತನವನ್ನು ಏನೆನ್ನಬೇಕೋ ನನಗೆ ತಿಳಿಯದು.

ಜೋಳ ಸೀಳಿಕೊಂಡು ಒಬ್ಬ ಹೆಂಗಸು ತಗ್ಗಿಗೆ ಜಾರಿ ಬಿದ್ದಳು. ಹಿಂಜುವ ಮಕ್ಸೂದನ ಹೆಂಡತಿ ರಹೀಮುನ್ನಿಸಾ. ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಾಲೆಲ್ಲ ರಕ್ತವಾಗಿತ್ತು, ಮುಳ್ಳು ಗೀರಿದ್ದು.

"ಭೀಮಕ್ಕ, ಓಣಿಗಿ ಬೆಂಕಿ ಹಚ್ಯಾರ. ಇವರು ಎಲ್ಲಿ ಹ್ವಾದ್ರು ಗೊತ್ತಿಲ್ಲ. ನನಗ ಬ್ಯಾನಿ ಸುರು ಆಗ್ಯಾದ. ನೀ ಇಲ್ಲಿದ್ದೀ ಅಂತ ಯಾರೋ ಅಂದ್ರು, ಅದಕ್ಕ..."

"ಬಾ, ಒಳಗ ಬಾ. ಇಲ್ಲಿ ಯಾರೂ ಬರೂದಿಲ್ಲ. ಬಂದ್ರ ಮೊದಲ ನನ್ನ ದಾಟಬೇಕು" ಎಂದು ಭೀಮಬಾಯಿ ಬಿಚ್ಚಿದ್ದ ಕಂಬಳಿಯನ್ನು ಮತ್ತೆ ಕಟ್ಟಿದಳು. ರಹೀಮುನ್ನಿಸಾಳನ್ನು ಕೂರಿಸಿ, ನೀರು ಕುಡಿಸಿ, ಹೊಟ್ಟೆ ಮುಟ್ಟಿ ನೋಡಿದಳು. ನೋವು ಇನ್ನೂ ಬಿಟ್ಟು ಬಿಟ್ಟು ಬರುತ್ತಿತ್ತು.

ಹೋದ ವರ್ಷ ಇವಳ ಮೊದಲ ಹೆರಿಗೆಯನ್ನೂ ಭೀಮಬಾಯಿಯೇ ಮಾಡಿಸಿದ್ದಳು. ಗಂಡು ಕೂಸು, ಕೂದಲು ದಟ್ಟವಾಗಿದ್ದವು. ಆ ಕೂಸು ನಿಲ್ಲಲಿಲ್ಲ.

ನೋವು ಬಿಟ್ಟಾಗ ರಹೀಮುನ್ನಿಸಾ ಕಣ್ಣು ಬಿಟ್ಟಳು. ಎದುರಿಗೆ ಹೀರಾಬಾಯಿ ಕೂಸಿಗೆ ಮೊಲೆ ಕೊಡುತ್ತಿದ್ದಳು. ಹೊರಗೆ ಅವಳ ಮನೆ ಉರಿಯುತ್ತಿತ್ತು, ಗಂಡನ ಸುದ್ದಿಯಿರಲಿಲ್ಲ. ಆದರೂ ಆ ಮುಖದಲ್ಲಿ ಒಂದು ಆಸೆ ಬೆಳಗಿತು.

"ಹೀರಾಂದು ಉಳೀತಲ್ಲ! ಯಾರಿಗಿ ಬೇಡ್ಕೊಂಡಿ, ಭೀಮಕ್ಕ? ಹೇಳು, ನಾನೂ ಬೇಡ್ಕೋತೇನಿ. ನಿಮ್ಮ ಮಲ್ಲಣ್ಣ ಆದ್ರೂ ಆಗ್ಲಿ. ನನಗೂ ಒಂದ ಉಳೀಬೇಕು."

ಮಲ್ಲಣ್ಣ ಎಂದು ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು, ಊರೂ ನಂಬುತ್ತಿತ್ತು. ಭೀಮಬಾಯಿಯ ಕೈಗುಣದ ಹೆಸರು ಹಾಗೆಯೇ ನಿಲ್ಲುತ್ತಿತ್ತು. ಆದರೆ ಹುಟ್ಟಿದ ಕೂಡಲೇ ಎದೆಗೆ ಹಚ್ಚು ಎಂದರೆ ಈ ಹೆಂಗಸು ಹಚ್ಚುತ್ತಾಳೆಯೇ? ಕೆಟ್ಟ ಹಾಲೆಂದು ಅವಳಿಗೆ ಹೇಳಿಕೊಟ್ಟವಳೇ ಭೀಮಬಾಯಿ. ಖರೆ ಹೇಳದೆ ಆ ಕೂಸು ಉಳಿಯುವ ದಾರಿಯಿರಲಿಲ್ಲ. ಹೀರಾಬಾಯಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ದೇವರಿಂದ ಅಲ್ಲ ರಹೀಮಾ. ಹಾಲಿನಿಂದ ಉಳೀತು. ಮೊದಲ ದಿನದ ಹಾಲು."

"ಕೆಟ್ಟ ಹಾಲು?"

"ಅದು ಕೆಟ್ಟದ್ದಲ್ಲ. ಅದೇ ಜೀವ. ನಾ ಸುಳ್ಳ ಹೇಳೀನಿ, ಎಲ್ಲಾರಿಗೂ ಸುಳ್ಳ ಹೇಳೀನಿ. ಇದೂ ಹೋಗ್ಲಿಕ್ಹತ್ತಿತ್ತು. ಹೀರಾ ನನ್ನ ಮಾತ ಮೀರಿ ಕುಡಿಸಿದಳು, ಉಳೀತು. ನಿನ್ನ ಕೂಸು ಬಿದ್ದ ಕೂಡ್ಲೆ ಎದಿಗಿ ಹಚ್ಚು. ಮತ್ತೇನೂ ಹಾಕಬ್ಯಾಡ, ನೀರೂ ಬ್ಯಾಡ, ಬೆಲ್ಲಾನೂ ಬ್ಯಾಡ."

ರಹೀಮುನ್ನಿಸಾ ಅರ್ಥವಾಗದವಳಂತೆ ಅವಳನ್ನೇ ನೋಡಿದಳು. ಅರ್ಥವಾಗುತ್ತಾ ಹೋದಂತೆ ಮುಖದ ಬಣ್ಣ ಇಳಿಯಿತು.

"ಹಂಗಾದ್ರ ನನ್ನ ಮಗಾ?"

ಭೀಮಬಾಯಿ ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಸುಲಭವಾಗುತ್ತಿತ್ತು.

"ನಿನ್ನ ಮಗಾನೂ ಉಳೀತಿದ್ದ, ಕಾಣಸ್ತದ. ನಾನೇ ಹಿಂಡಿ ಚೆಲ್ಲೀನಿ. ನನಗ ಗೊತ್ತಿರಲಿಲ್ಲ, ಯವ್ವಾ."

"ಗೊತ್ತಿರಲಿಲ್ಲ?" ರಹೀಮುನ್ನಿಸಾಳ ದನಿ ಏರಲಿಲ್ಲ, ಇಳಿಯಿತು. "ಕುರಿ ಸಾಕಾಕಿ ನೀನು. ಮರಿಗಿ ಗಿಣ್ಣ ಬೇಕಂತ ಗೊತ್ತಿತ್ತು, ನನ್ನ ಕೂಸಿಗಿ ಬೇಕಂತ ಗೊತ್ತಿರಲಿಲ್ಲ? ಆಂವ ಮೂರ ದಿನ ಬಾಯಿ ತೆಕ್ಕೊಂಡು ನನ್ನ ಕಡಿ ತಿರುಗ್ತಿದ್ದ. ನೀ ನನ್ನ ಕೈ ಹಿಡ್ಕೊಂಡು ಕುಂತಿದ್ದಿ, ಕೊಡಬ್ಯಾಡಂತ."

ಆ ಕೈ ಹಿಡಿದು ಕುಳಿತದ್ದು ಭೀಮಬಾಯಿಗೂ ನೆನಪಿತ್ತು.

ಆಗ ದೊಡ್ಡ ನೋವು ಬಂತು. ರಹೀಮುನ್ನಿಸಾ ಬೇಲಿಯ ಗೂಟವನ್ನು ಹಿಡಿದು ಮುಂದಕ್ಕೆ ಬಾಗಿದಳು. ಭೀಮಬಾಯಿ ಅಭ್ಯಾಸದಂತೆ ಎರಡೂ ಕೈ ಚಾಚಿ ಹತ್ತಿರ ಹೋದಳು. ರಹೀಮುನ್ನಿಸಾ ಆ ಕೈಗಳನ್ನು ನೋಡಿ ಹಿಂದೆ ಸರಿದಳು. ಹೊರಗೆ ಹೋಗಲು ಅವಳಿಗೆ ಜಾಗವಿರಲಿಲ್ಲ. ಬೇಲಿಯ ಮುಳ್ಳು ಬೆನ್ನಿಗೆ ಚುಚ್ಚುತ್ತಿತ್ತು.

"ಮುಟ್ಟಬ್ಯಾಡ ನನ್ನ. ಈ ಕೂಸಿಗಿ ನಿನ್ನ ಕೈ ಬ್ಯಾಡ, ಭೀಮಕ್ಕ. ಹೀರಾ ಹಿಡೀಲಿ. ನೀ ದೂರ ಕುಂತು ಹೇಳು."

ಹೀರಾಬಾಯಿ ಅತ್ತೆಯನ್ನು ನೋಡಿದಳು. ಅವಳು ಇದುವರೆಗೆ ಒಂದು ಹೆರಿಗೆಯನ್ನೂ ಮಾಡಿಸಿದವಳಲ್ಲ. ಭೀಮಬಾಯಿ ಚಾಚಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೇಲಿಯ ಆ ಕಡೆಯ ಮೂಲೆಗೆ ಹೋಗಿ ಕುಳಿತು, ಕೈಗಳೆರಡನ್ನೂ ಮಡಿಲಲ್ಲಿ ಅಡಗಿಸಿಕೊಂಡಳು.

"ಹೀರಾ, ಕೂಸಿನ್ನ ಕೆಳಗ ಮಲಗಿಸು. ಆಕಿ ಹಿಂದ ಹೋಗಿ ಬೆನ್ನಿಗಿ ನಿನ್ನ ಮೊಣಕಾಲ ಕೊಡು. ಹೆದರಬ್ಯಾಡ. ನಾ ಹೇಳ್ದಾಂಗ ಮಾಡು."